ಹೊಸ ಮನೆಗೆ ಹಳೆಯ ಹಾರ್ಡ್ ಡಿಸ್ಕ್

ನಮ್ಮ ಮರಳವಾಡಿ, ಹಾರೋಹಳ್ಳಿ, ಕನಕಪುರದ ಕಡೆಯ ರೇಷ್ಮೆ ಬೆಳೆಗಾರರಿಗೆ ಚಾಕಿ ಹುಳು ತರುವ ಕೆಲಸ ಗೊತ್ತೇ ಇದೆ. ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಮರಿಹುಳು ಚಾಕಿ ಕೇಂದ್ರದಲ್ಲಿ ಬೆಳೆದು, ಆಮೇಲೆ ರೈತರ ಹುಳುಮನೆಗೆ ಬರುತ್ತದೆ. ಅದು ಬರುವ ಮೊದಲೇ ಮನೆ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸಿ ಅಣಿಮಾಡಿರಬೇಕು. ಹುಳು ಎಷ್ಟೇ ಚೆನ್ನಾಗಿದ್ದರೂ ಮನೆ ಒಗ್ಗದಿದ್ದರೆ ಬೆಳೆ ಕೈಕೊಡುತ್ತದೆ. ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಇನ್ನೊಂದಕ್ಕೆ ಹಾಕುವಾಗಲೂ ಹೀಗೆಯೇ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಒಮ್ಮೆ ಊರಿನ ಜೆರಾಕ್ಸ್ ಅಂಗಡಿಯೊಂದರ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಚೆನ್ನಾಗಿತ್ತು. ಹತ್ತು ಹನ್ನೆರಡು ವರ್ಷಗಳ ಮದುವೆ ಕರೆಯೋಲೆ, ಕರಾರು ಪತ್ರ, ಅರ್ಜಿಗಳೆಲ್ಲ ಅದರಲ್ಲೇ ಇದ್ದವು. ಅಂಗಡಿಯ ಹುಡುಗ ಬಂದು, "ಅಣ್ಣ, ಬೋರ್ಡು ಹೋದ್ರೆ ಹೋಗ್ಲಿ, ಮ್ಯಾಟರ್ ಉಳಿಸ್ಕೊಡಿ. ಎಲ್ಲಾ ನುಡೀಲಿ ಟೈಪ್ ಮಾಡಿರೋದು" ಅಂದ.

ಅವನ ಭಯ ಸುಮ್ಮನೆ ಹುಟ್ಟಿದ್ದಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಈ ಎರಡು ತಂತ್ರಾಂಶಗಳಲ್ಲಿ ನಾವು ವರ್ಷಗಟ್ಟಲೆ ಟೈಪ್ ಮಾಡಿದ್ದು ಹೆಚ್ಚಾಗಿ ಯೂನಿಕೋಡಿನಲ್ಲಲ್ಲ. ಆ ಫಾಂಟ್ ಇರುವ ಕಡೆ ಮಾತ್ರ ಅದು ಕನ್ನಡ. ಇಲ್ಲದ ಕಡೆ ನುಡಿಯ 'ಕ' ಅಕ್ಷರ ಇಂಗ್ಲಿಷಿನ ಪಿ ಆಗಿ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟಿರುವ ಎ ಬಂದು ಕೂರುತ್ತದೆ. 'ನ' ಇದ್ದಲ್ಲಿ ಪೌಂಡಿನ ಗುರುತು ಕಾಣುತ್ತದೆ. ಅದಕ್ಕೇ ವಿಂಡೋಸ್, ನುಡಿ, ಫಾಂಟು, ಪ್ರಿಂಟರ್ ಎಲ್ಲವೂ ಇದ್ದ ಹಾಗೇ ಬರಲಿ ಎನ್ನುವುದು ಅವನ ಆಸೆ.

ಡಿಸ್ಕನ್ನು ಬಿಚ್ಚಿ ಜೋಡಿಸುವುದು ಸುಲಭ. ಕರೆಂಟಿನ ವಯರು ಕಿತ್ತಿಟ್ಟು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತು ಹೋಗಿಸಿ ಕೆಲಸಕ್ಕೆ ಕೂರಬೇಕು. ಸಾಟಾ ಡಿಸ್ಕಿಗೆ ಎರಡೇ ಕೇಬಲ್: ಕಿರಿದಾದದ್ದು ಮಾಹಿತಿಗೆ, ಅಗಲವಾದದ್ದು ವಿದ್ಯುತ್ತಿಗೆ. ಆದರೆ ಹೊಸ ಕಂಪ್ಯೂಟರಿನಲ್ಲಿ ಆನ್ ಮಾಡುವ ಮೊದಲು, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ಲಿನ ಮೂಲಕ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಲೇಬೇಡಿ.

ಕಷ್ಟ ಇರುವುದು ಡಿಸ್ಕು ಹೊಸ ಬೋರ್ಡಿಗೆ ಒಗ್ಗುವುದರಲ್ಲಿ. ವಿಂಡೋಸ್ ಏಳುವಾಗ ಡಿಸ್ಕನ್ನು ಓದಿಕೊಡುವ ಡ್ರೈವರ್ ಮೊದಲು ಬೇಕು. ಹಳೆಯ ಬೋರ್ಡು ಐಡಿಇ ವಿಧಾನದಲ್ಲಿದ್ದು ಹೊಸದು ಎಎಚ್‌ಸಿಐ ವಿಧಾನದಲ್ಲಿದ್ದರೆ, ವಿಂಡೋಸ್‌ಗೆ ತಾನಿರುವ ಡಿಸ್ಕೇ ಕಾಣದೆ, ನೀಲಿ ಪರದೆಯ ಮೇಲೆ 7ಬಿ ಎಂಬ ದೋಷಸಂಖ್ಯೆ ತೋರಿಸಿ ನಿಂತುಬಿಡುತ್ತದೆ. ಅಂದು ನನಗಾದದ್ದೂ ಅದೇ. ಬಯೋಸ್‌ಗೆ ಹೋಗಿ ಹಳೆಯ ವಿಧಾನವನ್ನೇ ಆರಿಸಿದೆ. ಪರದೆ ಬೆಳಗಿತು. ಡ್ರೈವರ್‌ಗಳು ಒಂದೊಂದಾಗಿ ಕೂತವು, ಎರಡು ಸಲ ರೀಸ್ಟಾರ್ಟ್ ಆಯಿತು. ಕರೆಯೋಲೆಯ ಫೈಲ್ ತೆರೆದಾಗ ವಧೂವರರ ಹೆಸರುಗಳು ಅಚ್ಚಗನ್ನಡದಲ್ಲೇ ನಿಂತಿದ್ದವು. ಹುಡುಗ ಕೈಮುಗಿದ.

ಇನ್ನೂ ಮೂರು ಮಾತು ನೆನಪಿಡಿ. ಹಳೆಯ ಬಯೋಸ್ ಕಾಲದ ಡಿಸ್ಕ್ ಹೊಸ ಯುಇಎಫ್‌ಐ ಬೋರ್ಡಿನಲ್ಲಿ ಬೂಟ್ ಆಗಬೇಕಾದರೆ ಸೆಟ್ಟಿಂಗಿನಲ್ಲಿ ಲೆಗಸಿ ಅವಕಾಶ ಇರಬೇಕು. ಎಲ್ಲ ಬೋರ್ಡಿನಲ್ಲೂ ಅದು ಇರುವುದಿಲ್ಲ. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಡಿಸ್ಕಿನೊಳಗಿನದು ನಿಮಗೂ ಸಿಗದು. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಪರವಾನಗಿ ಆ ಬೋರ್ಡಿಗೇ ಕಟ್ಟುಬಿದ್ದದ್ದು, ಬೇರೆಯಾಗಿ ಕೊಂಡದ್ದನ್ನು ಮಾತ್ರ ಹೊಸ ಯಂತ್ರಕ್ಕೆ ಒಯ್ಯಬಹುದು. ಲಿನಕ್ಸ್‌ಗೆ ಈ ತೊಡಕು ಕಡಿಮೆ: ಬಹುಪಾಲು ಡ್ರೈವರ್‌ಗಳು ಅದರ ಕರ್ನೆಲ್ ಜೊತೆಗೇ ಇರುವುದರಿಂದ ಸಾಮಾನ್ಯವಾಗಿ ಹೋದ ಮನೆಗೆ ಬೇಗ ಹೊಂದಿಕೊಳ್ಳುತ್ತದೆ.

ಆ ಅಂಗಡಿಯದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. ಹಾಗಾಗಿ ಆ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸಬೇಡ ಎಂದೆ. ಬಿಡುವಾದಾಗ ದಿನಕ್ಕಿಷ್ಟು ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಇನ್ನೊಂದು ಡಿಸ್ಕಿನಲ್ಲೂ ಇಡು ಎಂದೆ. ಡಿಸ್ಕನ್ನು ಒಂದು ಸಲ ಮನೆ ಬದಲಿಸಿ ಉಳಿಸಬಹುದು, ಆದರೆ ಅದಕ್ಕೂ ಆಯಸ್ಸಿದೆ. ಯೂನಿಕೋಡಿನಲ್ಲಿರುವ ಕನ್ನಡವನ್ನಾದರೆ ಯಾವ ಮನೆಗೆ ಒಯ್ದರೂ ಕನ್ನಡವಾಗಿಯೇ ಓದಬಹುದು.