ಬಾಣಂತಿಯ ಮಾತನ್ನು ನಂಬೋಣ



“ಬ್ಯಾನಿ ತಿನ್ನದಂಗ ಹಡೆದಾಳ, ಆಕಿಗೇನು ತ್ರಾಸು?” ಆಪರೇಷನ್ ಹೆರಿಗೆಯಾದ ಮನೆಯಲ್ಲಿ ಈ ಮಾತು ಸಲೀಸಾಗಿ ಬಂದುಬಿಡುತ್ತದೆ. ಚರ್ಮದಿಂದ ಗರ್ಭಕೋಶದವರೆಗೆ ಪದರಪದರವಾಗಿ ಕೊಯ್ದು ಹೊಲಿದ ಹೊಟ್ಟೆ ಅದು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಇಳಿದ ಮೇಲೆ ಕೆಮ್ಮಿದರೆ ನೋವು, ನಕ್ಕರೆ ನೋವು, ಕೂಸಿಗೆ ಹಾಲೂಡಿಸಲು ಮಗ್ಗುಲು ಬದಲಿಸಿದರೂ ನೋವು. ನಾವು ಮಾತ್ರ “ತಡ್ಕೋಳವ್ವ” ಅಂದು ಸುಮ್ಮನಾಗುತ್ತೇವೆ.

ತಾಳ್ಮೆ ದೊಡ್ಡ ಗುಣ, ನಿಜ. ಇನ್ನೊಬ್ಬರ ಮೈನೋವಿಗೆ ತಾಳ್ಮೆ ಬೋಧಿಸುವುದು ಮಾತ್ರ ಬಲು ಅಗ್ಗದ ಕೆಲಸ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರಂ ಬಳಸಿದಾಗ, ಹೆರುವ ನೋವು ದೇವರಿಚ್ಛೆ, ಅದನ್ನು ಕಳೆಯಬಾರದು ಎಂದು ವಾದಿಸಿದವರಿದ್ದರು. 1853ರಲ್ಲಿ ರಾಣಿ ವಿಕ್ಟೋರಿಯಾ ಕ್ಲೋರೋಫಾರಂ ಪಡೆದೇ ಹೆತ್ತಳು. ರಾಣಿಯ ನೋವಿಗೆ ಸಂದ ಆ ಮನ್ನಣೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣಿನ ನೋವಿಗೂ ಸಲ್ಲಬೇಕಲ್ಲವೇ?

ನೋವಿನ ಗುಳಿಗೆ ನುಂಗಿದರೆ ಎದೆಹಾಲು ಕೆಡುತ್ತದೆಂದು ಹಲವರು ಹೆದರುತ್ತಾರೆ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲಿಗೆ ಸೇರುವುದು ತೀರ ಅಲ್ಪ. ನೋವು ಏರುವ ತನಕ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಎದ್ದು ಓಡಾಡಲು ಆಗುತ್ತದೆ; ಓಡಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯುವುದು, ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದು ಆಕೆಯ ಕೆಲಸ. ಆರು ವಾರ ಆಕೆಯ ಪಾಲಿನ ಕೊಡ ಎತ್ತುವುದು ಮನೆಯವರ ಕೆಲಸ.

ಎಲ್ಲವೂ ಮನೆಯವರ ಕೈಯಲ್ಲಿಲ್ಲ, ನಿಜ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು, ತನಿಖೆ ನಡೆಯಿತು. ಔಷಧಿಯ ಗುಣಮಟ್ಟ ಕಾಯುವ ಹೊಣೆ ಆಡಳಿತದ್ದು. ಆ ಹೊಣೆಯನ್ನು ಯಾವ ಮನೆಯವರೂ ಹೊರಲಾರರು. ಮನೆಯವರ ಪಾಲಿಗೆ ಬರುವುದು ಕಿವಿಗೊಡುವ ಹೊಣೆ. ಜ್ವರ, ಹೊಲಿಗೆಯಲ್ಲಿ ಕೀವು, ವಿಪರೀತ ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು, ಮೀನಖಂಡದ ಬಾವು, ಏದುಸಿರು, ಇಳಿಯುವ ಬದಲು ಏರುತ್ತಲೇ ಹೋಗುವ ನೋವು: ಇವಕ್ಕೆ ಹೊರಸಿನ ಕೆಳಗಿನ ಕೆಂಡದ ಕಾವು ಮದ್ದಲ್ಲ. ಕುರುಗೋಡಾಗಲಿ, ಸಿರುಗುಪ್ಪವಾಗಲಿ, ತಡಮಾಡದೆ 108ಕ್ಕೆ ಕರೆ ಮಾಡಿ.

ನಿಮ್ಮ ಮನೆಯ ಬಾಣಂತಿ “ನೋವಾಗಾಕತ್ತೈತಿ” ಅಂದರೆ, ಎಲ್ಲಿ, ಎಷ್ಟು, ಯಾವಾಗಿನಿಂದ ಎಂದು ಕೇಳಿ. ಆಕೆ ಹೇಳಿದ್ದನ್ನು ನಂಬಿ.