ಮಧ್ಯಂತರ ಆದೇಶಕ್ಕೆ ಅಪೀಲು ಇಲ್ಲ, ದಾರಿ ಇದೆ

(ಯಶವಂತಪುರದ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಿಯುಸಿ ಓದಿದವನು, ಪ್ರೆಸ್ ಇಟ್ಟುಕೊಂಡು ಬದುಕುವವನು. ಕೋರ್ಟಿನ ಮಾತು ಇವನಿಗೇಕೆ ಅನ್ನಬೇಡಿ. ಲಗ್ನಪತ್ರಿಕೆ ಅಚ್ಚು ಹಾಕುವ ನನ್ನ ಹತ್ತಿರವೇ ಒಬ್ಬ ತಂಗಿ ಕೋರ್ಟಿನ ಕಾಗದ ಹಿಡಿದು ಬಂದಳು.

ಹೆಬ್ಬಾಳದಿಂದ ಬಂದು ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಗಂಡ ವಿಚ್ಛೇದನಕ್ಕೆ ಹಾಕಿದ್ದ. ಅವಳಿಗೂ ಮಗನಿಗೂ ಸೇರಿ ತಿಂಗಳಿಗೆ 3,000 ರೂಪಾಯಿ ಮಧ್ಯಂತರ ಜೀವನಾಂಶ ಅಂತ ಆದೇಶವಾಗಿತ್ತು. ಮನೆ ಬಾಡಿಗೆಯೇ 5,000! "ಅಣ್ಣಾ, ನೀವು ಇಂಗ್ಲಿಷ್ ಪ್ರೂಫ್ ನೋಡ್ತೀರಲ್ಲ, ಓದಿ ಹೇಳಿ" ಅಂದಳು. ಓದಿದೆ. ಅಕ್ಷರದ ತಪ್ಪು ಹಿಡಿಯಬಲ್ಲೆ, ಆ ಇಂಗ್ಲಿಷಿನ ಅರ್ಥ ಹಿಡಿಯಲಾರದೆ ಹೋದೆ.

ಯಾರೋ ದುಡ್ಡು ತೆಗೆದುಕೊಂಡು ಹೈಕೋರ್ಟಿಗೆ ಅಪೀಲು ಹಾಕಿಸಿದರು. ಇದಕ್ಕೆ ಅಪೀಲೇ ಇಲ್ಲ ಅಂತ ಎಂಟು ತಿಂಗಳಾದ ಮೇಲೆ ತಿಳಿಯಿತು.

ಕಿವಿಗೊಟ್ಟು ಕೇಳಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಪ್ರಕಾರ ಕೊನೆಯ ತೀರ್ಪಿಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನಡುವಿನ ಆದೇಶಕ್ಕೆ ಆಗುವುದಿಲ್ಲ. ವಿಚ್ಛೇದನದ ಮೊಕದ್ದಮೆಯಲ್ಲಿ ಜೀವನಾಂಶ, ಮಗುವಿನ ಸುಪರ್ದಿನ ಬಗ್ಗೆ ಆಗುವ ಮಧ್ಯಂತರ ಆದೇಶವನ್ನು ಪ್ರಶ್ನಿಸಲು ಸಂವಿಧಾನದ 227ನೇ ವಿಧಿಯಡಿ ರಿಟ್ ಅರ್ಜಿ ಹಾಕಬೇಕು. ಅಲ್ಲಿ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗುವುದಿಲ್ಲ. ಕೆಳಗಿನ ಕೋರ್ಟು ಕಾನೂನು ಮೀರಿತೇ, ನೋಡಲೇಬೇಕಾದ್ದನ್ನು ಬಿಟ್ಟಿತೇ ಎಂದಷ್ಟೇ ನೋಡುತ್ತಾರೆ.

2020ರ ನವೆಂಬರಿನಲ್ಲಿ ರಜನೀಶ್-ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಅಂದಿತು. ನಮ್ಮ ತಂಗಿಯ ಗಂಡ ಆ ಪ್ರಮಾಣಪತ್ರ ಕೊಟ್ಟೇ ಇರಲಿಲ್ಲ! ರಿಟ್‌ನಲ್ಲಿ ವಕೀಲರು ಹಿಡಿದದ್ದು ಅದನ್ನೇ. ಮತ್ತೆ ವಿಚಾರಿಸಿ ಅಂತ ಹೈಕೋರ್ಟು ವಾಪಸು ಕಳಿಸಿತು. 3,000 ಇದ್ದದ್ದು 8,000 ಆಯಿತು. ಕಳೆದ ಎಂಟು ತಿಂಗಳಲ್ಲಿ ಹುಡುಗನ ಶಾಲೆ ಬಿಟ್ಟು ಹೋಗಿತ್ತು, ಅದನ್ನು ಯಾವ ಕೋರ್ಟು ತುಂಬಿಕೊಡುತ್ತದೆ?

ಗಂಡುಮಕ್ಕಳೂ ಕೇಳಿ. ರಿಟ್ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲದು, ತಡೆಯಾಜ್ಞೆ ಬೇಕು. "ಮಧ್ಯಂತರ ತಾನೇ" ಅಂತ ಕಟ್ಟದೆ ಕೂತರೆ ಬಾಕಿ ಬೆಳೆಯುತ್ತದೆ. ಬೇಕೆಂದೇ ತಪ್ಪಿಸಿದರೆ ನಿಮ್ಮ ವಾದವನ್ನೇ ತೆಗೆದುಹಾಕಬಹುದು. ಕೆಲಸ ಹೋಯಿತು, ಮಗುವಿಗೆ ಕಾಯಿಲೆಯಾಯಿತು ಅನ್ನಿ, ಆಗ ಆದೇಶ ಬದಲಿಸಿ ಅಂತ ಅದೇ ಕೋರ್ಟನ್ನು ಕೇಳಬಹುದು. ಮಗುವಿನ ಭೇಟಿಯ ವಿಷಯದಲ್ಲಂತೂ ತಡ ಮಾಡಲೇಬೇಡಿ. ಮೂರು ವರ್ಷದ ಕೂಸು ಆರಾಗುವಷ್ಟರಲ್ಲಿ ಒಬ್ಬರ ಮುಖ ಮರೆತಿರುತ್ತದೆ.

ಇನ್ನು ಭಾಷೆ. ಕೆಳ ನ್ಯಾಯಾಲಯಗಳ ಭಾಷೆ ಕನ್ನಡ. ಹೈಕೋರ್ಟಿಗೆ 348ನೇ ವಿಧಿ ಇಂಗ್ಲಿಷ್ ಹೇರಿದೆ. ಅದೇ ವಿಧಿಯಡಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಜಾಗ ಸಿಕ್ಕಿದೆ, ನಮಗೇಕಿಲ್ಲ? 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲೇ ತೀರ್ಪು ಕೊಟ್ಟಿತು. ಆಗುವುದಿಲ್ಲ ಅನ್ನುವವರಿಗೆ ಅದನ್ನು ತೋರಿಸಿ.

ದುಡ್ಡಿಲ್ಲ ಅಂತ ದಲ್ಲಾಳಿಗಳ ಬಾಗಿಲಿಗೆ ಹೋಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಹೈಕೋರ್ಟಿನಲ್ಲೇ ಅದಕ್ಕೊಂದು ಸಮಿತಿ ಇದೆ. ನಮ್ಮ ತಂಗಿಗೆ ರಿಟ್ ಹಾಕಿದ ವಕೀಲರು ಸಿಕ್ಕಿದ್ದು ಅಲ್ಲೇ.