ಆಯಿಲ್ ಫಿಲ್ಟರ್ ಬಿಚ್ಚಲು ಬಾರದಿದ್ದರೆ
(ಮಸಿನಗುಡಿಯ ಕಲಿಕೆ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪಾಠದ ಪುಸ್ತಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋಣ. ಜೀಪಿನ ಬಗ್ಗೆ ಮಾತಾಡೋಣ. ನಿಮ್ಮಲ್ಲಿ ಜೀಪು ಓಡಿಸುವವರು ಇದ್ದೀರಿ. ಜೀಪು ಓಡಿಸುವವರ ಮನೆಯವರೂ ಇದ್ದೀರಿ. ಜೀಪು ಒಂದು ದಿನ ನಿಂತರೆ ಮನೆಗೆ ಎಷ್ಟು ನಷ್ಟ ಅಂತ ನಾನು ಹೇಳಬೇಕಾಗಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಬಿ.ಎ. ಓದಿದವಳು. ಆದರೆ ನಮ್ಮ ಅಣ್ಣನ ಹತ್ತಿರ ಹಳೆಯ ಮಹೀಂದ್ರ ಡೀಸೆಲ್ ಜೀಪು ಇದೆ. ಅವನು ಕೆಳಗೆ ಮಲಗಿ ಕೆಲಸ ಮಾಡುವಾಗ ಟಾರ್ಚ್ ಹಿಡಿಯುವ ಕೆಲಸ ನನ್ನದು. ಹಾಗೆ ನೋಡಿ ನೋಡಿ ಕಲಿತದ್ದನ್ನು ಹೇಳುತ್ತೇನೆ.

ಇಂಜಿನ್ ಒಳಗೆ ಆಯಿಲ್ ಸುತ್ತುತ್ತಾ ಇರುತ್ತೆ. ಕಬ್ಬಿಣ ಕಬ್ಬಿಣಕ್ಕೆ ಉಜ್ಜದ ಹಾಗೆ ಅದು ಕಾಯುತ್ತೆ. ಸುತ್ತುವಾಗ ಮಸಿ, ಕಬ್ಬಿಣದ ಪುಡಿ ಎಲ್ಲ ಅದಕ್ಕೆ ಸೇರಿಕೊಳ್ಳುತ್ತೆ. ಆಯಿಲ್ ಫಿಲ್ಟರ್ ಅಂದರೆ ಆ ಕೊಳೆಯನ್ನು ಹಿಡಿಯುವ ಜರಡಿ. ತಗಡಿನ ಡಬ್ಬಿಯ ಒಳಗೆ ಮಡಚಿದ ಕಾಗದ ಇರುತ್ತೆ. ಡಬ್ಬಿಯ ಬಾಯಿಗೆ ಒಂದು ರಬ್ಬರ್ ಉಂಗುರ ಇರುತ್ತೆ. ಇಂಜಿನ್‌ಗೂ ಡಬ್ಬಿಗೂ ನಡುವೆ ಆಯಿಲ್ ಸೋರದ ಹಾಗೆ ತಡೆಯುವುದು ಆ ಉಂಗುರ. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ಕಬ್ಬಿಣದ ಬಟ್ಟಲಿನ ನಡುವೆ ಒಂದು ಬೋಲ್ಟ್ ಇರುತ್ತೆ. ಅದರ ಮಾತು ಬೇರೆ. ನಾನು ಹೇಳುವುದು ತಿರುಗಿಸಿ ಹಾಕುವ ಡಬ್ಬಿಯ ವಿಷಯ.

ಈ ಡಬ್ಬಿ ಯಾಕೆ ಅಂಟಿಕೊಳ್ಳುತ್ತೆ? ನಮ್ಮ ದಾರಿಯನ್ನೇ ನೋಡಿ. ಊಟಿ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಮಸಿನಗುಡಿ ಅದರ ಅರ್ಧಕ್ಕಿಂತ ಕಡಿಮೆ ಎತ್ತರ. ನಡುವೆ ಕಲ್ಲಟ್ಟಿ ಘಾಟಿನ 36 ತಿರುವು. ಜನರನ್ನು ತುಂಬಿಕೊಂಡು ಸಣ್ಣ ಗೇರಿನಲ್ಲಿ ಹತ್ತಿದರೆ ಇಂಜಿನ್ ಕಾದು ಹೋಗುತ್ತೆ. ಊಟಿಯ ಚಳಿಯಲ್ಲಿ ನಿಂತರೆ ಮತ್ತೆ ತಣ್ಣಗಾಗುತ್ತೆ. ಹೀಗೆ ಕಾದು, ಆರಿ, ಕಾದು, ಆರಿ ರಬ್ಬರ್ ಗಟ್ಟಿಯಾಗಿ ಕಬ್ಬಿಣಕ್ಕೆ ಹಿಡಿದುಕೊಳ್ಳುತ್ತೆ. ಇದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಹಾಕುವವರ ಕೈ. ಒಣ ರಬ್ಬರ್ ಹಾಗೇ ಹಾಕಿ, ಪಾನದಲ್ಲಿ ಬಲವಾಗಿ ಬಿಗಿದುಬಿಡುತ್ತಾರೆ. ಬಿಗಿದಷ್ಟೂ ಒಳ್ಳೆಯದು ಅಂತ ಅವರ ಎಣಿಕೆ.

ನಮ್ಮ ಅಣ್ಣನ ಜೀಪಿಗೂ ಯಾರೋ ಹಾಗೇ ಬಿಗಿದಿದ್ದರು. ಕೆಲವು ವರ್ಷದ ಹಿಂದಿನ ಮಾತು. ಅಣ್ಣ ಕೈಯಲ್ಲಿ ತಿರುಗಿಸಿದ, ಬರಲಿಲ್ಲ. ಸಿಟ್ಟು ಬಂತು. ದೊಡ್ಡ ಸ್ಕ್ರೂ ಡ್ರೈವರ್ ತಂದು ಡಬ್ಬಿಯ ಹೊಟ್ಟೆಗೆ ಸುತ್ತಿಗೆಯಲ್ಲಿ ಹೊಡೆದ. ಅದನ್ನು ಹಿಡಿದು ತಿರುಗಿಸಿದ. ತಗಡು ಕಾಗದದ ಹಾಗೆ ಹರಿಯಿತು, ಡಬ್ಬಿ ಮಾತ್ರ ತಿರುಗಲಿಲ್ಲ. ಕಪ್ಪು ಆಯಿಲ್ ಅವನ ಮುಖದ ಮೇಲೇ ಸುರಿಯಿತು. ನನಗೆ ನಗು ಬಂತು, ಅವನಿಗೆ ಅಳು ಬಂತು. ತೂತಾದ ಫಿಲ್ಟರ್ ಇಟ್ಟುಕೊಂಡು ಇಂಜಿನ್ ಶುರು ಮಾಡುವ ಹಾಗಿಲ್ಲ. ಜೀಪು ಮೂರು ದಿನ ಮನೆ ಮುಂದೆ ನಿಂತಿತು. ಕೊನೆಗೆ ಗೂಡಲೂರಿನಿಂದ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಬಂದರು. ಡಬ್ಬಿಯ ಮೇಲಿನ ಅಂಚಿಗೆ ಮೊಂಡ ಉಳಿ ಓರೆಯಾಗಿ ಇಟ್ಟರು. ಬಿಚ್ಚುವ ದಿಕ್ಕಿಗೆ ಸಣ್ಣ ಸಣ್ಣ ಪೆಟ್ಟು ಹಾಕಿದರು. ಐದೇ ನಿಮಿಷದಲ್ಲಿ ಬಂತು. ಅವರು ಹೇಳಿಕೊಟ್ಟ ಕ್ರಮವನ್ನೇ ನಿಮಗೆ ಹೇಳುತ್ತೇನೆ.

ಜೀಪನ್ನು ಸಮ ನೆಲದಲ್ಲಿ ನಿಲ್ಲಿಸಿ. ನಮ್ಮ ಊರಲ್ಲಿ ಸಮ ನೆಲ ಹುಡುಕುವುದೇ ಕಷ್ಟ, ಆದರೂ ಹುಡುಕಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕಿ ನಂಬಿ ಜೀಪಿನ ಕೆಳಗೆ ಹೋಗಬೇಡಿ. ಇದನ್ನು ಇನ್ನೊಂದು ಸಲ ಓದಿ.

ಹೊಸ ಫಿಲ್ಟರ್ ಕೈಯಲ್ಲಿ ಇಲ್ಲದೆ ಹಳೆಯದನ್ನು ಮುಟ್ಟಬೇಡಿ.

ಇಂಜಿನ್ ಎರಡು ಮೂರು ನಿಮಿಷ ಓಡಲಿ. ಬೆಚ್ಚಗಾದರೆ ರಬ್ಬರ್ ಸ್ವಲ್ಪ ಸಡಿಲ ಆಗುತ್ತೆ. ಹೆಚ್ಚು ಹೊತ್ತು ಓಡಿಸಿದರೆ ಕೈ ಸುಡುತ್ತೆ. ಇಂಜಿನ್ ನಿಲ್ಲಿಸಿ, ಕೆಳಗೆ ತಟ್ಟೆ ಇಟ್ಟು ಆಯಿಲ್ ಇಳಿಸಿ.

ಈಗ ದಿಕ್ಕು. ಇಲ್ಲೇ ತುಂಬಾ ಜನ ತಪ್ಪುತ್ತಾರೆ. ಫಿಲ್ಟರನ್ನು ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಅಂತ ತಿಳಿಯಿರಿ. ಡಬ್ಬಿಯ ಮುಚ್ಚಿದ ತುದಿ ನಿಮ್ಮ ಕಣ್ಣಿಗೆ ಎದುರಾಗಿ ಇದ್ದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಆದರೆ ಡಬ್ಬಿ ಕೆಳಗೆ ನೇತಾಡುತ್ತಿದ್ದು, ನೀವು ಬಾನೆಟ್ ಮೇಲಿನಿಂದ ಬಗ್ಗಿ ನೋಡಿದರೆ, ಅದೇ ದಿಕ್ಕು ತಿರುಗುಮುರುಗಾಗಿ ಕಾಣುತ್ತೆ. ಬಿಚ್ಚುತ್ತಿದ್ದೇವೆ ಅಂದುಕೊಂಡು ಇನ್ನೂ ಬಿಗಿದವರು ಎಷ್ಟೋ ಮಂದಿ. ಸಂಶಯ ಬಂದರೆ ಹೊಸ ಫಿಲ್ಟರನ್ನು ಅದರ ಪಕ್ಕದಲ್ಲಿ ಹಾಗೇ ಹಿಡಿದು, ತಿರುಗಿಸಿ ನೋಡಿ.

ಡಬ್ಬಿಯ ಮೇಲಿನ ಜಿಡ್ಡನ್ನು ಚೆನ್ನಾಗಿ ಒರೆಸಿ. ಉಜ್ಜುವ ಕಾಗದ ಸುತ್ತಿ ಎರಡೂ ಕೈಯಲ್ಲಿ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಬರುತ್ತೆ. ಬರದಿದ್ದರೆ ಪಟ್ಟಿ ಪಾನ ಅಥವಾ ಚೈನ್ ಪಾನ ಬೇಕು. ಅದನ್ನು ಡಬ್ಬಿಯ ನಡುವೆ ಹಾಕಬೇಡಿ. ಅಲ್ಲಿ ತಗಡು ತೆಳು, ಅಪ್ಪಚ್ಚಿ ಆಗುತ್ತೆ. ಇಂಜಿನ್ ಹತ್ತಿರದ ಅಂಚಿನಲ್ಲಿ ತಗಡು ಗಟ್ಟಿ. ಅಲ್ಲಿ ಹಾಕಿ, ಒಂದೇ ಸಮನೆ ಎಳೆಯಿರಿ. ಜಗ್ಗಬೇಡಿ. ಅದೂ ಆಗದಿದ್ದರೆ ಕೊನೆಗೆ ಉಳಿ. ಇಂಜಿನ್‌ನ ಕಬ್ಬಿಣಕ್ಕೆ ಮಾತ್ರ ಏಟು ಬೀಳಬಾರದು. ಆ ಮುಖದಲ್ಲಿ ಗೀರು ಬಿದ್ದರೆ ಹೊಸ ಫಿಲ್ಟರ್ ಹಾಕಿದರೂ ಸೋರುತ್ತೆ.

ಡಬ್ಬಿ ಬಂತು ಅಂತ ಸಂತೋಷ ಪಡುವ ಮೊದಲು ಅದರ ಬಾಯಿ ನೋಡಿ. ರಬ್ಬರ್ ಉಂಗುರ ಅದರಲ್ಲಿ ಇದೆಯಾ? ಇಲ್ಲದಿದ್ದರೆ ಅದು ಇಂಜಿನ್‌ಗೇ ಅಂಟಿಕೊಂಡಿದೆ. ನಮ್ಮ ಅಣ್ಣ ಮುಂದಿನ ಸಲ ಈ ತಪ್ಪು ಮಾಡಿದ. ಹಳೆಯ ಉಂಗುರದ ಮೇಲೇ ಹೊಸದನ್ನು ಹಾಕಿದ. ಮನೆ ಹತ್ತಿರ ಏನೂ ಗೊತ್ತಾಗಲಿಲ್ಲ. ಕಲ್ಲಟ್ಟಿ ಹತ್ತುವಾಗ ಎರಡು ಉಂಗುರದ ನಡುವಿನಿಂದ ಆಯಿಲ್ ಚಿಮ್ಮಿತು. ಆಯಿಲ್ ದೀಪ ಕೆಂಪಗೆ ಹತ್ತಿತು. ಜೀಪಿನಲ್ಲಿ ಆರು ಜನ ಇದ್ದರು, ಅದರಲ್ಲಿ ಒಬ್ಬಾಕೆ ಬಸುರಿ. ಅವನು ಅಲ್ಲೇ ಬದಿಗೆ ಹಾಕಿ ಇಂಜಿನ್ ನಿಲ್ಲಿಸಿದ. ಇನ್ನೊಂದು ತಿರುವು ಹೋಗೋಣ ಅಂದಿದ್ದರೆ ಇಂಜಿನ್ ಹಿಡಿದುಕೊಂಡು ಬಿಡುತ್ತಿತ್ತು. ಆ ಹೆಂಗಸನ್ನು ಹಿಂದೆ ಬಂದ ಬಸ್ಸಿನಲ್ಲಿ ಹತ್ತಿಸಿ ಕಳಿಸಿದೆವು.

ಹೊಸದನ್ನು ಹಾಕುವಾಗ ಮುಖವನ್ನು ಶುದ್ಧ ಬಟ್ಟೆಯಲ್ಲಿ ಒರೆಸಿ. ಹೊಸ ಉಂಗುರಕ್ಕೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ. ಉಂಗುರ ತಾಗಿದ ಮೇಲೆ ಎಷ್ಟು ಬಿಗಿಯಬೇಕು? ಅದು ಡಬ್ಬಿಯ ಮೇಲೇ ಅಚ್ಚಾಗಿರುತ್ತೆ. ಬಹಳ ಫಿಲ್ಟರ್‌ಗಳಲ್ಲಿ 3/4 ಅಂತ ಇರುತ್ತೆ, ಪಕ್ಕದಲ್ಲಿ ಬಾಗಿದ ಬಾಣದ ಚಿತ್ರ. ಅಣ್ಣ ಹತ್ತು ವರ್ಷ ಈ ಗುರುತನ್ನು ನೋಡಿದ್ದ. ಅದು ಡಬ್ಬಿಯ ನಂಬರ್ ಅಂದುಕೊಂಡಿದ್ದ. ಮುಕ್ಕಾಲು ಅಂದರೆ ಏನು ಅಂತ ಅವನಿಗೆ ಗೊತ್ತು, ಮುಕ್ಕಾಲು ಸೇರು ಅಕ್ಕಿ ಅಳೆದವನೇ. ಅದನ್ನು 3/4 ಅಂತ ಬರೆಯುತ್ತಾರೆ ಅಂತ ಗೊತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ರೊಟ್ಟಿ ಬರೆದು ನಾಲ್ಕು ಪಾಲು ಮಾಡಿದ ದಿನ ಅವನು ಎದ್ದು ಹೊರಗೆ ಹೋದ. ಬೇಜಾರಾಯಿತೇನೋ ಅಂದುಕೊಂಡೆ. ಜೀಪಿನಿಂದ ಫಿಲ್ಟರ್ ಡಬ್ಬಿ ತಂದು ಎಲ್ಲರಿಗೂ ತೋರಿಸಿದ.

ಅಂದರೆ ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಡಬ್ಬಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡರೆ ಲೆಕ್ಕ ತಪ್ಪಲ್ಲ. ನಿಮ್ಮ ಡಬ್ಬಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಹೊಸ ಆಯಿಲ್ ತುಂಬಿಸಿ, ಇಂಜಿನ್ ಶುರು ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಬಗ್ಗಿ ನೋಡಿ, ಸೋರುತ್ತಿದೆಯಾ ಅಂತ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಅದ್ದಿ ಆಯಿಲ್ ಮಟ್ಟ ನೋಡಿ. ಆಮೇಲೆ ತಾರೀಖನ್ನೂ ಕಿಲೋಮೀಟರನ್ನೂ ಡಬ್ಬಿಯ ಮೇಲೆ ನೀವೇ ಬರೆಯಿರಿ.

ಹಳೆಯ ಆಯಿಲ್ ಹಳ್ಳಕ್ಕೆ ಚೆಲ್ಲಬೇಡಿ. ನಮ್ಮ ಹಳ್ಳಗಳು ಮೋಯಾರ್ ಸೇರುತ್ತವೆ, ಮೋಯಾರ್ ಭವಾನಿಸಾಗರಕ್ಕೆ ಹೋಗುತ್ತೆ. ಆನೆ, ಜಿಂಕೆ, ನಮ್ಮ ದನ ಎಲ್ಲ ಕುಡಿಯುವುದು ಅದೇ ನೀರು. ಕ್ಯಾನಿಗೆ ತುಂಬಿಸಿ, ಹಳೆಯ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ, ಆಯಿಲ್ ಬಸಿದ ಮೇಲೆ ಅದನ್ನೂ ಅಲ್ಲಿಗೇ ಕೊಡಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ, ಡೀಸೆಲ್‌ನಲ್ಲಿ ಅಲ್ಲ.

ಮುಂದಿನ ತರಗತಿಗೆ ಬರುವಾಗ ನಿಮ್ಮ ಮನೆಯಲ್ಲಿರುವ ಫಿಲ್ಟರ್ ಪೆಟ್ಟಿಗೆ, ಗೊಬ್ಬರದ ಚೀಲ, ಔಷಧಿ ಚೀಟಿ, ಯಾವುದಾದರೂ ಒಂದನ್ನು ತನ್ನಿ. ಅದರ ಮೇಲೆ ಯಾವ ಯಾವ ಅಂಕಿ ಇವೆ ಅಂತ ಎಲ್ಲರೂ ಕೂಡಿ ಓದೋಣ.